ಹಿರೇಮುಗಳಿಯ ಹನ್ನೆರಡು ಪಾವಟಿಗೆ

ಹಿರೇಮುಗಳಿಯ ಕೊಟ್ರೇಶ ಕೆರೆ ಸಂಘದ ಕಾರ್ಯದರ್ಶಿಯಾದದ್ದು ಅವನ ಹಿಟ್ಟಿನ ಗಿರಣಿಯಲ್ಲಿ ಫೋನ್ ಇದ್ದುದರಿಂದ. ಬೇರೆ ಕಾರಣವೇನೂ ಇರಲಿಲ್ಲ. ಊರಿನ ಎಲ್ಲರಿಗೂ ಇದು ಗೊತ್ತಿತ್ತು, ಕೊಟ್ರೇಶನೊಬ್ಬನಿಗೆ ಗೊತ್ತಿರಲಿಲ್ಲ. ಸಣ್ಣ ಕೆರೆಗಳನ್ನು ರಿಪೇರಿ ಮಾಡಿಸುವ ಯೋಜನೆಯೊಂದು ರಾಣೇಬೆನ್ನೂರಿಗೆ ಬಂದಾಗ, ಊರಿಗೊಬ್ಬ ಕಾರ್ಯದರ್ಶಿ ಬೇಕು, ಅವನ ಹತ್ತಿರ ಫೋನ್ ಇರಬೇಕು ಎಂದರು. ಸಭೆಯಲ್ಲಿ ಎಲ್ಲರೂ ಗಿರಣಿಯ ಕಡೆ ತಿರುಗಿ ನೋಡಿದರು. ಕೊಟ್ರೇಶ ಅದನ್ನು ತನ್ನ ಮುಖ ನೋಡಿದರೆಂದು ತಿಳಿದು, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಎದ್ದು ನಿಂತ.

ಮರುದಿನವೇ ಗಿರಣಿಯ ಬೋರ್ಡು ಬದಲಾಯಿತು. ‘ಇಲ್ಲಿ ಜೋಳ, ಗೋಧಿ, ಮೆಣಸಿನಕಾಯಿ ಬೀಸಿ ಕೊಡಲಾಗುವುದು’ ಎಂಬುದರ ಮೇಲೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ‘ಕೊಟ್ರೇಶ, ಕಾರ್ಯದರ್ಶಿ’ ಎಂದು ಕೆಂಪು ಬಣ್ಣದಲ್ಲಿ ಬಂತು. ಬಣ್ಣ ಅರ್ಧ ಡಬ್ಬಿ ಉಳಿಯಿತು. ಈ ಉಳಿದ ಬಣ್ಣವೇ ಮುಂದೆ ಎರಡು ಊರು ಮತ್ತು ಒಂದು ಸರಕಾರಿ ಜೀಪನ್ನು ಅಲ್ಲಾಡಿಸಿತು ಎಂದರೆ ಯಾರೂ ನಂಬುವುದಿಲ್ಲ. ಆದರೂ ಹೇಳುವುದು ನನ್ನ ಕೆಲಸ.

ಹಿರೇಮುಗಳಿ ಕೆರೆ ದೊಡ್ಡದೇನಲ್ಲ. ಎರಡು ದಿಬ್ಬಗಳ ನಡುವೆ ಹಿರಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ ಒಂದು ಏರಿ, ಅದರ ನಡುವೆ ಹೊಲಗಳಿಗೆ ನೀರು ಬಿಡುವ ತೂಬು, ಒಂದು ತುದಿಗೆ ಹೆಚ್ಚಾದ ನೀರು ಹೊರಗೆ ಹರಿಯಲೆಂದು ಕಲ್ಲು ಹಾಸಿದ ಕೋಡಿ. ಕೋಡಿ ದಾಟಿದ ನೀರು ಹಳ್ಳ ಹಿಡಿದು ಎರಡು ಮೈಲಿ ಕೆಳಗಿನ ಚಿಕ್ಕಮುಗಳಿಯ ಕೆರೆ ಸೇರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದ ವರ್ಷ ಕೆಳಗಿನ ಊರಿನ ಬಾವಿಗಳಿಗೆಲ್ಲ ಜೀವ. ಬೀಳದ ವರ್ಷ ಅಲ್ಲಿಯ ಹೆಣ್ಣುಮಕ್ಕಳಿಗೆ ಕೊಡ ಹೊತ್ತು ತಿರುಗುವುದೇ ಕೆಲಸ.

ಅದಕ್ಕೊಂದು ಪದ್ಧತಿಯೂ ಇತ್ತು. ಕೋಡಿ ಬಿದ್ದ ದಿನ ಹಿರೇಮುಗಳಿಯವರು ಚಿಕ್ಕಮುಗಳಿಗೆ ಒಂದು ಹಸಿರು ಸೀರೆ ಒಯ್ಯಬೇಕು. ನೀರು ಈ ಊರಿನ ಮಗಳು, ಆ ಊರಿಗೆ ಹೊರಟವಳು, ಅವಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಆ ಸೀರೆಯನ್ನು ಇಲ್ಲಿಂದ ಅಲ್ಲಿಗೆ ಮದುವೆಯಾಗಿ ಹೋದ ಹೆಣ್ಣುಮಗಳ ಉಡಿಗೆ ಹಾಕಬೇಕು. ಈಗ ಚಿಕ್ಕಮುಗಳಿಯಲ್ಲಿ ಅಂಥವಳು ಒಬ್ಬಳೇ ಉಳಿದಿದ್ದಳು. ಅವಳು ಮಂಗಳವ್ವ, ಕೊಟ್ರೇಶನ ಒಬ್ಬಳೇ ತಂಗಿ.

ಕೊಟ್ರೇಶ ಆ ತಂಗಿಯ ಮನೆಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಒಂದು ವರ್ಷ ಮಳೆ ಕಡಿಮೆಯಾಗಿದ್ದಾಗ, ನೀರು ಇನ್ನೊಂದು ಅಡಿ ನಮ್ಮಲ್ಲೇ ನಿಲ್ಲಲಿ ಎಂದು ಅವನು ಕೋಡಿಯ ಮೇಲೆ ಮಣ್ಣಿನ ಚೀಲ ಪೇರಿಸಿದ್ದ. ತಂಗಿಯ ಗಂಡ ಮೈಲಾರಪ್ಪ ಬಂದು ಅವನ್ನು ಒಂದೊಂದಾಗಿ ಒದ್ದು ಹಾಕಿದ. ಮಾತಿಗೆ ಮಾತು ಬೆಳೆಯಿತು. ಕೊಟ್ರೇಶ ಕೈ ಎತ್ತಿ, “ಮತ್ತ ಈ ಕೆರಿ ಕೋಡಿ ಬೀಳೂ ತನಕ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ!” ಎಂದು ಆಣೆ ಮಾಡಿದ. ಬಹಳವೆಂದರೆ ಮುಂದಿನ ಶ್ರಾವಣದವರೆಗೆ ಎಂಬುದು ಅವನ ಲೆಕ್ಕ. ಆದರೆ ಅದೇ ಚಳಿಗಾಲದಲ್ಲಿ ತೂಬಿನ ಕಲ್ಲು ಒಡೆದು ನೀರು ಸೋರತೊಡಗಿತು, ಕೆರೆಗೆ ನೀರು ತರುವ ಕಾಲುವೆಯನ್ನು ಜಾಲಿಗಿಡ ನುಂಗಿತು, ಮೇಲೆ ಮೂರು ವರ್ಷ ಮಳೆಯೇ ಮುಖ ತೋರಿಸಲಿಲ್ಲ. ಅವಸರದಲ್ಲಿ ಮಾಡಿದ ಆಣೆ ಒಂಬತ್ತು ನಾಗರಪಂಚಮಿಗಳನ್ನು ತಿಂದು ಹಾಕಿತು. ಹಬ್ಬಕ್ಕೆ ಕರೆಯಲು ಅಣ್ಣ ಹೋಗದೆ ಮಂಗಳವ್ವ ತವರಿಗೆ ಬರಲಿಲ್ಲ. ಕೊಟ್ರೇಶನ ಹೆಂಡತಿ ಪ್ರೇಮವ್ವ ಪ್ರತಿ ಪಂಚಮಿಗೂ ನಾದಿನಿಯ ಪಾಲಿನ ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟು, ಹದಿನೈದು ದಿನ ನೋಡಿ, ಕೊನೆಗೆ ಗಂಡನಿಗೇ ತಿನ್ನಿಸುತ್ತಿದ್ದಳು. ತಿನ್ನುವಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ.

ಆದ್ದರಿಂದ ಯೋಜನೆಯವರು ತೂಬು ಕೂಡಿಸಿ, ಕಾಲುವೆ ಬಿಡಿಸಿ, ಏರಿಗೆ ಹೊಸ ಮಣ್ಣು ಹಾಕಿ ಹೋದಾಗ ಊರಿನವರು ಮೆಣಸಿನಕಾಯಿ ಸಸಿ ಹಚ್ಚುವ ಲೆಕ್ಕ ಹಾಕಿದರೆ, ಕೊಟ್ರೇಶ ಸೀರೆಯ ಲೆಕ್ಕ ಹಾಕಿದ.

ಎರಡು ಸಾವಿರದ ಐದನೆಯ ಇಸವಿಯ ಜೂನ್ ತಿಂಗಳಲ್ಲಿ ರಾಣೇಬೆನ್ನೂರಿನ ಕಚೇರಿಯಿಂದ ಒಂದು ಪತ್ರ ಬಂತು. ಕೆರೆಯ ಒಂದೊಂದು ಅಡಿ ಎತ್ತರದ ಹನ್ನೆರಡು ಮೆಟ್ಟಿಲುಗಳಿಗೆ ಒಂದರಿಂದ ಹನ್ನೆರಡರ ತನಕ ಅಂಕಿ ಬರೆಯಿಸಬೇಕು, ಪ್ರತಿ ಸೋಮವಾರ ನೀರು ಯಾವ ಅಂಕಿಗಿದೆ ಎಂದು ಫೋನಿನಲ್ಲಿ ತಿಳಿಸಬೇಕು. ಕೆಳಗೆ ಭುವನಾ, ಕಿರಿಯ ಇಂಜಿನಿಯರ್ ಎಂದು ಸಹಿ. ಅಂಕಿ ಮೇಲಿನಿಂದಲೋ ಕೆಳಗಿನಿಂದಲೋ ಎಂದು ಪತ್ರದಲ್ಲಿರಲಿಲ್ಲ. ಅದನ್ನೂ ಹೇಳಬೇಕೆಂದು ಯಾವ ಇಂಜಿನಿಯರಿಗೂ ಹೊಳೆಯುವುದಿಲ್ಲ.

ಕೊಟ್ರೇಶ ಉಳಿದ ಬಣ್ಣದ ಡಬ್ಬಿ ಹಿಡಿದು ಹೆಂಡತಿಯನ್ನು ಕೇಳಿದ.

“ಪಾವಟಿಗಿ ಹೆಂಗ ಎಣಸ್ತಾರ?”

“ಹೆಂಗಂದ್ರ? ಮ್ಯಾಲಿಂದ.” ಪ್ರೇಮವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ನೀರಿಗೆ ಹ್ವಾದ್ರ ಮೊದಲ ಮ್ಯಾಲಿನ ಪಾವಟಿಗಿನ ಅಲ್ಲೇನ್ರಿ ತುಳಿಯೂದು? ತಳದಾಗಿಂದ ಹುಟ್ಟಿ ಬರ್ತಾರೇನ ಯಾರರೆ?”

ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಕೊಟ್ರೇಶ ಏರಿಯ ಮೇಲಿನ ಮೆಟ್ಟಿಲಿಗೆ ‘೧’ ಎಂದು ಬರೆದು, ಇಳಿಯುತ್ತ ಇಳಿಯುತ್ತ ಕೆಸರಿನಲ್ಲಿದ್ದ ಕೊನೆಯದಕ್ಕೆ ‘೧೨’ ಎಂದು ಬರೆದ. ಕೆಳಗೆ ಎಮ್ಮೆಯೊಂದು ಮಲಗಲಿಕ್ಕೆ ಸಾಲುವಷ್ಟು ನೀರಿತ್ತು. ಒಂದು ಸಣ್ಣ ಮಳೆಗೆ ಅದು ಹನ್ನೊಂದನೆಯ ಮೆಟ್ಟಿಲು ಮುಟ್ಟಿತು. ಸೋಮವಾರ ಅವನು ಫೋನ್ ಮಾಡಿದ.

“ಹನ್ನೊಂದರಿ, ಮೇಡಮ್ಮಾರ.”

“ಹನ್ನೊಂದ?” ಭುವನಾ ಕುರ್ಚಿಯಿಂದ ಎದ್ದದ್ದು ಫೋನಿನಲ್ಲೇ ಕೇಳಿಸಿತು. ಹಾವೇರಿಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಅವಳ ಪಾಲಿಗೆ ನಲವತ್ತು ಕೆರೆಗಳಿದ್ದವು, ಓಡಾಡಲು ಹೆಚ್ಚಾಗಿ ಗ್ಯಾರೇಜಿನಲ್ಲಿರುವ ಒಂದು ಜೀಪಿತ್ತು, ಉಳಿದಂತೆ ಗೋಡೆಯ ಮೇಲೆ ಒಂದು ನಕ್ಷೆ. “ಸರಿಯಾಗಿ ನೋಡೀರೇನ್ರಿ, ಕಾರ್ಯದರ್ಶಿಗಳ?”

“ಕಣ್ಣಾರೆ ನೋಡೇನ್ರಿ. ನಾನ ಬರದಿದ್ದು, ನಾನ ಓದಿದ್ದು.”

“ಬಾಕಿ ಕೆರಿ ಎಲ್ಲಾ ಎರಡು, ಮೂರು ಅನ್ನಾಕತ್ತಾವ್ರಿ!”

ಕೊಟ್ರೇಶನಿಗೆ ಹೊಟ್ಟೆ ಉರಿಯಿತು. ಬೇರೆಯವರ ಕೆರೆಗಳೆಲ್ಲ ತುಂಬಿ ಎರಡು ಮೂರಕ್ಕೆ ಬಂದಿವೆಯಂತೆ! “ಅವರ ಪುಣ್ಯಾರಿ. ನಮ್ಮದು ಹಿಂಗ ಐತಿ ನೋಡ್ರಿ, ಏನ ಮಾಡೂದು?” ಎಂದು ನಿಟ್ಟುಸಿರು ಬಿಟ್ಟ. ಇಷ್ಟು ನೀರಿಟ್ಟುಕೊಂಡು ಇಷ್ಟು ವಿನಯದಿಂದ ಮಾತಾಡುವ ಕಾರ್ಯದರ್ಶಿಯನ್ನು ಭುವನಾ ಕಂಡಿರಲಿಲ್ಲ. ನಕ್ಷೆಯಲ್ಲಿ ಹಿರೇಮುಗಳಿಗೆ ನೀಲಿ ಗುಂಡು ಪಿನ್ನು ಚುಚ್ಚಿ, ಆ ದಿನವೇ ಚಿಕ್ಕಮುಗಳಿಗೆ ಎಚ್ಚರಿಕೆಯ ಪತ್ರ ಕಳಿಸಿದಳು. ಮೇಲಿನ ಕೆರೆ ಯಾವ ಗಳಿಗೆಯಲ್ಲಾದರೂ ಕೋಡಿ ಬೀಳಬಹುದು, ದನಕರುಗಳನ್ನು ಹಳ್ಳಕ್ಕೆ ಬಿಡಬಾರದು.

ಎರಡು ಊರುಗಳ ನಡುವೆ ಬಳೆ ಮಾರಿಕೊಂಡು ತಿರುಗುವ ತಾಜಬಿ ಮೂರನೆಯ ದಿನ ಗಿರಣಿಗೆ ಬಂದು ಬುಟ್ಟಿ ಇಳಿಸಿದಳು.

“ಏನ್ ಕೊಟ್ರಪ್ಪಾ, ಸೀರಿ ತಂದಿ ಏನ? ಅಲ್ಲಿ ನಿನ್ನ ತಂಗಿ ಕಟ್ಟಿ ಸಾರಿಸ್ಯಾಳ, ಬಾಗಲಿಗೆ ತೋರಣ ಕಟ್ಟ್ಯಾಳ. ದಿನಾ ಹಳ್ಳದ ದಂಡಿಗೆ ಬಂದ ನಿಂತು ನೋಡ್ತಾಳ. ನನ್ನ ಕಡಿಂದ ಎರಡ ಡಜನ್ ಹಸರ ಬಳಿ ಇಡಿಸ್ಕೊಂಡ್ಳು.”

ಕೊಟ್ರೇಶ ಗಿರಣಿ ನಿಲ್ಲಿಸಿದ. ಕೆರೆಯಲ್ಲಿ ಎಮ್ಮೆ ಮಲಗುವಷ್ಟೇ ನೀರು, ಅಲ್ಲಿ ತೋರಣ ಕಟ್ಟಿದ್ದಾರೆ! “ಇದು ಮೈಲಾರಪ್ಪನ ಕುಚೋದ್ಯ. ನಮ್ಮ ಒಣಾ ಕೆರಿ ನೋಡಿ ನಗ್ಯಾಡಾಕತ್ತಾರ!” ಎಂದು ಕೂಗಾಡಿದ. ಪ್ರೇಮವ್ವ ಮಾತ್ರ ಹತ್ತಿರ ಬಂದು, “ಹಸರ ಬಳಿ ಅಂದ್ಯಲ್ಲ, ಯಾವ ಅಳತಿ? ಮೊದಲಿನದ ಐತೇನು, ಸೊರಗ್ಯಾಳೇನು?” ಎಂದು ತಾಜಬಿಯನ್ನು ಮೆಲ್ಲಗೆ ಕೇಳಿದಳು. ಮೊದಲಿಗಿಂತ ಒಂದು ಅಳತೆ ಕಡಿಮೆಯಾಗಿತ್ತು.

ಜುಲೈ ತಿಂಗಳಲ್ಲಿ ಮಳೆ ಹಿಡಿಯಿತು. ಹಿಡಿದ ಮಳೆ ಬಿಡಲಿಲ್ಲ. ಬಿಡಿಸಿದ ಕಾಲುವೆಯಲ್ಲಿ ಕೆಂಪು ನೀರು ತುಂಬಿ ಬಂತು. ಕೊಟ್ರೇಶ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ಹೊದ್ದುಕೊಂಡು ದಿನಕ್ಕೆ ಮೂರು ಸಲ ಏರಿಗೆ ಹೋಗಿ ನೋಡುತ್ತಿದ್ದ. ಗಿರಣಿಗೆ ಬಂದವರ ಜೋಳ ನುಚ್ಚಾಯಿತು, ಗೋಧಿ ರವೆಯಾಯಿತು. ಯಾರೂ ಬೈಯಲಿಲ್ಲ.

“ಒಂಬತ್ತರಿ, ಮೇಡಮ್ಮಾರ!”

“ಎರಡ ಅಡಿ ಕಮ್ಮಿ ಆತೇನ್ರಿ? ಇಂಥಾ ಮಳಿಯಾಗ?”

“ಮಳಿ ಪ್ರತಾಪರಿ ಅದು!”

ಮುಂದಿನ ವಾರ ಆರು. ಅದರ ಮುಂದಿನ ವಾರ ನಾಲ್ಕು. ಹೇಳುವವನ ದನಿ ವಾರವಾರಕ್ಕೆ ಏರಿತು, ಕೇಳುವವಳ ದನಿ ಇಳಿಯಿತು. ಆಗಸ್ಟ್ ಒಂದನೆಯ ತಾರೀಖು, ಸೋಮವಾರ, ಕೊಟ್ರೇಶ ಫೋನಿನಲ್ಲಿ ಕುಣಿದೇಬಿಟ್ಟ.

“ಎರಡಕ್ಕ ಬಂತ್ರಿ! ದೇವರು ದೊಡ್ಡಾಂವ! ಇನ್ನೊಂದ ಎರಡ ಮಳಿ ಆದ್ರ ಊರಿಗೆಲ್ಲಾ ಹೋಳಿಗಿ ಹಾಕಸ್ತೇನ್ರಿ!”

ಭುವನಾ ರಿಸೀವರನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. ಕೆರೆ ಬರಿದಾಗುತ್ತಿದೆಯೆಂದು ಹೋಳಿಗೆ ಹಾಕಿಸುವ ಊರು! ಏರಿ ಎಲ್ಲೋ ಸೋರುತ್ತಿದೆ, ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದುಕೊಂಡು ಚಿಕ್ಕಮುಗಳಿಗೆ ಎರಡನೆಯ ಪತ್ರ ಬರೆದಳು. ಮೇಲಿನ ಏರಿಯಲ್ಲಿ ತೂತು ಬಿದ್ದಿರುವ ಶಂಕೆ ಇದೆ, ಶುಕ್ರವಾರ ನಾನೇ ಬರುತ್ತೇನೆ, ಮಣ್ಣಿನ ಚೀಲಗಳೊಂದಿಗೆ ಆಳುಗಳು ಸಿದ್ಧರಿರಬೇಕು. ಹಿರೇಮುಗಳಿಗೆ ಬರೆಯಲಿಲ್ಲ. ಅಲ್ಲಿಯ ಕಾರ್ಯದರ್ಶಿಯ ಸ್ಥಿತಿ ನೋಡಿದರೆ ಬರೆದು ಉಪಯೋಗವಿಲ್ಲವೆಂದು ಅವಳಿಗೆ ಅನ್ನಿಸಿತು.

ತಾಜಬಿ ಊರಲ್ಲಿದ್ದಿದ್ದರೆ ಈ ಸುದ್ದಿ ಅದೇ ದಿನ ಗಿರಣಿಗೆ ಬರುತ್ತಿತ್ತು. ಅವಳು ಮಗಳ ಬಾಣಂತನಕ್ಕೆಂದು ಬ್ಯಾಡಗಿಗೆ ಹೋಗಿದ್ದಳು. ಎರಡು ಊರುಗಳ ನಡುವೆ ಇದ್ದ ಒಂದೇ ಅಂಚೆ ಬೇಕಾದ ಹೊತ್ತಿಗೆ ಬಾಗಿಲು ಹಾಕಿತ್ತು.

ಶುಕ್ರವಾರ ಬೆಳಿಗ್ಗೆ ಕೊಟ್ರೇಶ ಏರಿಗೆ ಹೋದಾಗ ನೀರು ಮೇಲಿನ ಮೆಟ್ಟಿಲನ್ನು ಮುಟ್ಟಿತ್ತು. ಕೋಡಿಯ ಬಳಿ ಹೋಗಿ, ಒಂಬತ್ತು ವರ್ಷದಲ್ಲಿ ಬೆಳೆದ ಕಸಕಡ್ಡಿಯನ್ನು ಕೈಯಿಂದ ಸರಿಸಿ ನೋಡಿದ. ಹಾಸುಗಲ್ಲಿನ ಮೇಲೆ ಬೆರಳಗಲದ ನೀರು, ನಾಚಿಕೆ ಪಡುತ್ತ, ಆ ಕಡೆಗೆ ಜಾರುತ್ತಿತ್ತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅದರಲ್ಲಿ ಕೈ ಅದ್ದಿದ. ಕಣ್ಣಲ್ಲೂ ನೀರು ಬಂತು. ಕಾರ್ಯದರ್ಶಿ ಅಳುವುದನ್ನು ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ. ಒಂದು ಕೊಕ್ಕರೆ ಮಾತ್ರ ನೋಡಿತ್ತು.

ಪಂಚಮಿಗೆ ಇನ್ನು ನಾಲ್ಕೇ ದಿನವಿತ್ತು. ಪ್ರೇಮವ್ವ ರಾಣೇಬೆನ್ನೂರಿನಿಂದ ತಾನೇ ಆರಿಸಿ ತಂದಿದ್ದ ಹಸಿರು ಇಳಕಲ್ ಸೀರೆಯನ್ನು ಅರಿವೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು. “ಅಲ್ಲಿ ಹ್ವಾದ ಮ್ಯಾಲ ಕಾರ್ಯದರ್ಶಿಗತೆ ಮಾತಾಡಬ್ಯಾಡ್ರಿ. ಅಣ್ಣನಗತೆ ಮಾತಾಡ್ರಿ,” ಎಂದಳು. ಕೊಟ್ರೇಶ ಹೊಸ ಧೋತರ ಉಟ್ಟು, ಸೈಕಲ್ ಏರಿ, ಮಳೆಯಲ್ಲಿ ರಸ್ತೆ ಹಿಡಿದು ಹೊರಟ.

ಅದೇ ಹೊತ್ತಿಗೆ ಇಡೀ ಚಿಕ್ಕಮುಗಳಿ ಮಣ್ಣಿನ ಚೀಲ ಹೊತ್ತು, ಹಳ್ಳದ ದಾರಿ ಹಿಡಿದು, ಇತ್ತ ಹೊರಟಿತ್ತು.

ಮಂಗಳವ್ವನ ಮನೆಯ ಬಾಗಿಲು ತೆರೆದಿತ್ತು. ಒಣಗಿದ ತೋರಣ ಇನ್ನೂ ಜೋತಾಡುತ್ತಿತ್ತು. ಕೊಟ್ರೇಶ ಹೊಸ್ತಿಲ ಬಳಿ ಒಂದು ಕಾಲು ಎತ್ತಿ ನಿಂತ. ಆಣೆಯ ವಿಚಾರ ಬಂತು. ಬೆರಳಗಲದ ನೀರು ಕೋಡಿ ಬಿದ್ದ ಲೆಕ್ಕಕ್ಕೆ ಬರುತ್ತದೆಯೇ, ಕನಿಷ್ಠ ಮೊಣಕಾಲುದ್ದ ಬೇಕೇ? ಒಳಗೆ ಕಂಬಕ್ಕೆ ಒರಗಿ ಕೂತಿದ್ದ ಮೈಲಾರಪ್ಪನ ತಾಯಿ ಮೈಲವ್ವ ಅವನನ್ನೇ ನೋಡುತ್ತಿದ್ದಳು.

“ಯಾರಪಾ ಅದು, ಕೊಕ್ಕರಿಗತೆ ಒಂಟಿಗಾಲ ಮ್ಯಾಲ ನಿಂತಾಂವ?”

“ನಾನ ಯವ್ವಾ, ಕೊಟ್ರೇಶ. ಮಂಗಳವ್ವ ಎಲ್ಲಿ?”

“ಮಂಗಳವ್ವ? ಎಲ್ಲಾರೂ ನಿನ್ನ ಕೆರಿ ತೂತ ಮುಚ್ಚಾಕ ಹೋಗ್ಯಾರ! ನೀನ ಏರಿಗೆ ತೂತ ಹಾಕಿ ನೀರೆಲ್ಲಾ ಬಿಟ್ಟಿಯಂತ. ಕೋಡಿ ಬೀಳಬಾರದು, ಸೀರಿ ಕೊಡೂದ ತಪ್ಪಲಿ, ತಂಗಿ ಮಾರಿ ನೋಡೂದ ಬ್ಯಾಡ ಅಂತ ಕೆರಿನ ಖಾಲಿ ಮಾಡ್ಯಾನ ನಮ್ಮಣ್ಣ ಅಂತ ಆಕಿ ಮೂರ ದಿನದಿಂದ ಅನ್ನಾ ಬಿಟ್ಟ ಅಳಾಕತ್ತಾಳ. ಇವತ್ತ, ‘ನನಗ ಸೀರಿ ಬ್ಯಾಡ, ತವರೂರ ಕೆರಿ ಉಳದ್ರ ಸಾಕು’ ಅಂತ ಚೀಲಾ ಹೊತ್ಕೊಂಡ ನಡದ್ಳು.”

ಕೊಟ್ರೇಶನ ಎತ್ತಿದ ಕಾಲು ಹಾಗೇ ಕೆಳಗಿಳಿಯಿತು. ಸೈಕಲ್ ಮರೆತ. ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡು, ಧೋತರ ಮೇಲೆ ಕಟ್ಟಿ, ಹಳ್ಳದ ದಾರಿಯಲ್ಲಿ ಓಡತೊಡಗಿದ. ಹಿಂದಿನಿಂದ ಮೈಲವ್ವ, “ಚಾ ಕುಡದಾರೆ ಹೋಗೋ!” ಎಂದು ಕೂಗಿದಳು. ಎರಡು ಮೈಲಿ. ನಲವತ್ತೆಂಟರ ವಯಸ್ಸಿನಲ್ಲಿ ಗಿರಣಿಯ ಸ್ಟೂಲಿನಿಂದ ತಕ್ಕಡಿಯ ತನಕ ಬಿಟ್ಟರೆ ಬೇರೆ ಓಟ ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಬಿದ್ದ, ಎರಡು ಸಲವೂ ಸೀರೆಯನ್ನು ಮೇಲಕ್ಕೆ ಹಿಡಿದೇ ಬಿದ್ದ.

ಅಷ್ಟರಲ್ಲಿ ಏರಿಯ ಕೆಳಗೆ ಮೈಲಾರಪ್ಪನ ಪಡೆ ತೂತನ್ನು ಕಂಡುಹಿಡಿದಾಗಿತ್ತು! ಕೆಳಗಿನಿಂದ ಬಂದವರಿಗೆ ಕೆರೆ ಕಾಣುವುದಿಲ್ಲ, ಏರಿಯ ಬೆನ್ನು ಮಾತ್ರ ಕಾಣುತ್ತದೆ. ಜಾಲಿ ಪೊದೆಯ ನಡುವಿನಿಂದ ನೀರು ಬರುತ್ತಿತ್ತು. ಅದು ಕೋಡಿಯ ಜಾಗವೆಂದು ಗೊತ್ತಿದ್ದವರಿಗೆ ಮಳೆಯ ಗದ್ದಲದಲ್ಲಿ ನೆನಪಾಗಲಿಲ್ಲ, ಹರೆಯದವರು ಕೋಡಿ ಬಿದ್ದದ್ದನ್ನು ಕಂಡೇ ಇರಲಿಲ್ಲ. “ಇಲ್ಲೇ ಐತಿ, ಇಲ್ಲೇ ಐತಿ!” ಎಂದು ಚೀಲದ ಮೇಲೆ ಚೀಲ ಪೇರಿಸುತ್ತಿದ್ದರು. ಕೊಟ್ರೇಶ ಬಂದವನೇ ಮೊದಲನೆಯ ಚೀಲವನ್ನು ಒದ್ದ.

“ಏ, ಹುಚ್ಚ ಹಿಡದೈತೇನು?” ಮೈಲಾರಪ್ಪ ತೋಳಿನಲ್ಲಿದ್ದ ಚೀಲದ ಸಮೇತ ಅಡ್ಡ ಬಂದ. “ನಿಮ್ಮ ಕೆರಿ ಉಳಸಾಕ ಬಂದೇವಿ ನಾವು!”

“ಮೈಲಾರಪ್ಪನವರ, ಅದು ತೂತಲ್ರಿ! ಕೋಡಿರಿ, ಕೋಡಿ! ನಿಮ್ಮ ಊರ ನೀರನ್ನ ನೀವ ಕಟ್ಟಾಕತ್ತೀರಿ!”

ಮೈಲಾರಪ್ಪ ಪೊದೆಯ ಕೆಳಗಿನ ಹಾಸುಗಲ್ಲು ನೋಡಿದ. ತನ್ನ ತೋಳಿನಲ್ಲಿದ್ದ ಚೀಲ ನೋಡಿದ. ಆಮೇಲೆ ಕೆಸರು ಬಳಿದುಕೊಂಡು ಏದುಸಿರು ಬಿಡುತ್ತಿದ್ದ ಕೊಟ್ರೇಶನನ್ನು ನೋಡಿದ. ಇದೇ ಜಾಗ, ಇದೇ ಇಬ್ಬರು. ಅಂದು ಪೇರಿಸಿದವನು ಇಂದು ಒದೆಯುತ್ತಿದ್ದ, ಒದ್ದವನು ಪೇರಿಸುತ್ತಿದ್ದ. ಮೈಲಾರಪ್ಪನ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ಚೀಲವನ್ನು ನೆಲಕ್ಕೆಸೆದು ಅದರ ಮೇಲೇ ಕೂತು ಅವನು ನಕ್ಕ ನಗೆಗೆ ಚಿಕ್ಕಮುಗಳಿಯ ಆಳುಗಳು ಗಾಬರಿಯಾದರು. ನಂತರ ಇಬ್ಬರೂ ಸೇರಿಯೇ ಉಳಿದ ಚೀಲಗಳನ್ನು ಒದ್ದರು. ತಡೆದು ನಿಂತಿದ್ದ ನೀರು ಒಮ್ಮೆಲೇ ನುಗ್ಗಿ ಇಬ್ಬರನ್ನೂ ಮೊಣಕಾಲ ತನಕ ತೊಯ್ಯಿಸಿತು. ಆಣೆಯ ಬಗ್ಗೆ ಇನ್ನು ಅನುಮಾನ ಉಳಿಯಲಿಲ್ಲ.

ಏರಿಯ ಮೇಲಿನಿಂದ ಭುವನಾ ಕೂಗಿದಳು. ಎರೆ ಮಣ್ಣಿನಲ್ಲಿ ಹೂತ ಜೀಪನ್ನು ಬಿಟ್ಟು, ಕಡತವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದೇ ಬಂದಿದ್ದಳು. ಕೊಟ್ರೇಶ ಮೇಲೆ ಹತ್ತಿದಾಗ ಅವಳ ಎದುರಿಗೆ ಕೆರೆ ಅಂಚು ತುಂಬಿ ನಿಂತಿತ್ತು.

“ಕಾರ್ಯದರ್ಶಿಗಳ, ಸೋಮವಾರ ಎರಡ ಅಂದ್ರಿ. ನಾಲ್ಕ ದಿನದಾಗ ಹತ್ತ ಅಡಿ ನೀರ ಎಲ್ಲಿಂದ ಬಂತ್ರಿ?”

“ಸೋಮವಾರ ಎರಡ ಇತ್ರಿ. ಈಗ ಒಂದ ಐತ್ರಿ.”

“ಒಂದ?”

“ಒಂದರಿ.”

ಇಬ್ಬರೂ ಒಬ್ಬರನ್ನೊಬ್ಬರು ಕರುಣೆಯಿಂದ ನೋಡಿದರು. ಆಗ ಮೆಟ್ಟಿಲ ಕಡೆಯಿಂದ ಒಂದು ನಗು ಕೇಳಿಸಿತು. ಕೊಟ್ರೇಶ ಒಂಬತ್ತು ವರ್ಷದಿಂದ ಕೇಳದಿದ್ದ ನಗು ಅದು.

ಅಣ್ಣನ ಹಿಂದೆಯೇ ಏರಿ ಹತ್ತಿದ್ದ ಮಂಗಳವ್ವ ಮೇಲಿನ ಮೆಟ್ಟಿಲ ಬಳಿ ಬಗ್ಗಿ, ಕೆಂಪು ‘೧’ರ ಮೇಲೆ ಬೆರಳಾಡಿಸುತ್ತಿದ್ದಳು. ಕಣ್ಣು ಬಾತಿತ್ತು, ಆದರೂ ನಗುತ್ತಿದ್ದಳು.

“ಮೇಡಮ್ಮಾರ, ನೀವು ತಳದಾಗಿಂದ ನೀರ ಎಣಸ್ತೀರಿ. ನಾವು ಮ್ಯಾಲಿಂದ ಪಾವಟಿಗಿ ಎಣಸ್ತೇವ್ರಿ. ಮುಂಜಾನೆದ್ದು ನಮ್ಮವ್ವ ‘ಎಷ್ಟಕ್ಕ ಐತಿ’ ಅಂತ ಕೇಳ್ತಿದ್ಲು. ‘ಹನ್ನೊಂದಕ್ಕ’ ಅಂದ್ರ ಆಕಿ ಮಾರಿ ಸಣ್ಣದಾಗ್ತಿತ್ತು. ಇಳಿಯೂದಕ್ಕಲ್ರಿ, ತುಂಬಿದ ಕೊಡಾ ಹೊತ್ತು ಅಷ್ಟೂ ಮತ್ತ ಏರಬೇಕಲ್ಲ, ಅದಕ್ಕ. ಏರಾವರಿಗೆ ಗೊತ್ತರಿ ಅದರ ಲೆಕ್ಕ.”

ಭುವನಾ ಕಡತ ತೆರೆದು ವಾರವಾರದ ಗೆರೆ ನೋಡಿದಳು. ಹನ್ನೊಂದು, ಒಂಬತ್ತು, ಆರು, ನಾಲ್ಕು, ಎರಡು. ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದಳು. ಗೆರೆ ಅಚ್ಚುಕಟ್ಟಾಗಿ ಮೇಲೇರಿತ್ತು. “ಅಂಕಿ ಅಳಸಬ್ಯಾಡ್ರಿ, ಕಾರ್ಯದರ್ಶಿಗಳ,” ಎಂದಳು. “ನಮ್ಮವು ಇನ್ನೊಂದ ಬದಿಗೆ ಬರಸೂಣಂತ.” ಆಮೇಲೆ ಅಣ್ಣ ತಂಗಿಯರನ್ನು ನೋಡಿ, ಜೀಪು ಎತ್ತಿಸುವ ನೆಪ ಹೇಳಿ ಆ ಕಡೆ ನಡೆದಳು.

ಕೊಟ್ರೇಶ ಸೀರೆಯ ಗಂಟು ಮುಂದೆ ಹಿಡಿದು ನಿಂತ. ಮೈಯೆಲ್ಲ ಕೆಸರಾಗಿತ್ತು, ಸೀರೆಗೆ ಮಾತ್ರ ಒಂದು ಹನಿ ಕೆಸರೂ ತಾಗಿರಲಿಲ್ಲ.

ಮಂಗಳವ್ವ ಸೆರಗು ಕೊಡವಿದಳು. ಚೀಲ ಹೊತ್ತು ಅದೆಲ್ಲ ಮಣ್ಣಾಗಿತ್ತು. ಮಣ್ಣಾದ ಉಡಿಯನ್ನೇ ಎರಡೂ ಕೈಯಿಂದ ಅಗಲ ಮಾಡಿ ಒಡ್ಡಿ, ಅಣ್ಣನ ಮುಖ ನೋಡಿ ಕೇಳಿದಳು.

“ನೀರಿಗೆ ಕಾಲಿಲ್ಲ, ಹನ್ನೆರಡ ಪಾವಟಿಗಿ ಏರಿ ಬಂತು. ಎರಡ ಕಾಲ ಇದ್ದಾಂವ ನೀ ಎರಡ ಮೈಲಿ ಬರಾಕ ಒಂಬತ್ತ ವರ್ಷಾ ಬೇಕಾತೇನೋ, ಯಣ್ಣಾ?”

ಕೊಟ್ರೇಶ ಸೀರೆಯನ್ನು ಅವಳ ಉಡಿಗೆ ಹಾಕಿ, “ನಡಿ ಯವ್ವಾ, ಮನಿಗೆ ಹೋಗೂಣು. ಈ ಸಲದ ಉಂಡಿ ನಾ ತಿನ್ನಾಂವಲ್ಲ,” ಎಂದ.